ಕಟ್ಟೆ ಇದ್ದರೂ ಹೊರಗಿನ ಮೀನು ಮೇಲೆ ಬಂತು: ಟ್ರೌಟ್ ತಡೆಗೋಡೆಯ ದೋಷ ಹುಡುಕುವುದು, ಸರಿ ಮಾಡುವುದು

ಹಳ್ಳಕ್ಕೆ ಅಡ್ಡವಾಗಿ ಒಂದು ತಡೆಗೋಡೆ ಇದೆ. ಅದರ ಮೇಲ್ಗಡೆ, ಅಂದರೆ ನೀರು ಬರುವ ಕಡೆ, ಅಪಾಚೆ ಟ್ರೌಟ್ ಬಿಟ್ಟು ಬೇರೆ ಯಾವ ಟ್ರೌಟೂ ಇರಬಾರದು. ಈ ಸಲದ ಸರ್ವೆಯಲ್ಲಿ ನೋಡಿದರೆ ಅಲ್ಲೊಂದು ಬ್ರೂಕ್ ಟ್ರೌಟ್ ಬಲೆಗೆ ಬಿದ್ದಿದೆ. ತಕ್ಷಣ ಎಲ್ಲರ ಬಾಯಲ್ಲೂ ಒಂದೇ ಮಾತು: "ಗೋಡೆ ಹೋಯ್ತು, ಸಿಮೆಂಟ್ ತರಿಸಿ."

ಸ್ವಲ್ಪ ತಡೀರಿ. ಗೋಡೆ ಹೋಗಿರಬಹುದು, ಹೋಗದೇನೂ ಇರಬಹುದು. ಮೀನು ಯಾವ ದಾರಿಯಲ್ಲಿ ಬಂತು ಅಂತ ತಿಳಿಯದೆ ರಿಪೇರಿಗೆ ಕೈ ಹಾಕಿದರೆ, ಚೆನ್ನಾಗಿರುವ ಜಾಗಕ್ಕೆ ಕಾಂಕ್ರೀಟ್ ಸುರಿದು, ತೂತಿರುವ ಜಾಗವನ್ನು ಹಾಗೇ ಬಿಟ್ಟು ಬರುತ್ತೀರಿ. ರಸ್ತೆಯೇ ಇಲ್ಲದ ಕಾಡಿನ ಹಳ್ಳಕ್ಕೆ ಸಿಮೆಂಟ್ ಮೂಟೆ ಸಾಗಿಸುವುದು ಎಷ್ಟು ಕಷ್ಟ ಅಂತ ಒಮ್ಮೆ ಹೊತ್ತವರಿಗೆ ಗೊತ್ತು. ಅದಕ್ಕೇ ಮೊದಲು ಪತ್ತೇದಾರಿ ಕೆಲಸ, ಆಮೇಲೆ ಗಾರೆ ಕೆಲಸ.

ಹೊಸಬರಿಗಾಗಿ ಹಿನ್ನೆಲೆ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಅಪಾಚೆ ಟ್ರೌಟ್ ಅಮೆರಿಕದ ಅರಿಜೋನಾ ರಾಜ್ಯದ ವೈಟ್ ಮೌಂಟನ್ಸ್ ಬೆಟ್ಟಗಳ ಮೀನು. ವೈಟ್, ಬ್ಲ್ಯಾಕ್, ಲಿಟಲ್ ಕೊಲರಾಡೊ ನದಿಗಳು ಹುಟ್ಟುವ ತಣ್ಣನೆಯ ಹಳ್ಳಗಳನ್ನು ಬಿಟ್ಟರೆ ಅದಕ್ಕೆ ಬೇರೆ ತವರಿಲ್ಲ. ಆ ಹಳ್ಳಗಳು ಎಷ್ಟು ಚಿಕ್ಕವು ಅಂದರೆ ಎಷ್ಟೋ ಕಡೆ ಒಂದು ದಾಪುಗಾಲಲ್ಲಿ ದಾಟಬಹುದು. ಗಾಳ ಹಾಕುವ ಮೋಜಿಗೆ ಅಂತ ಅಲ್ಲಿಗೆ ರೇನ್‌ಬೋ, ಬ್ರೌನ್, ಬ್ರೂಕ್ ಟ್ರೌಟ್‌ಗಳನ್ನು ತಂದು ಬಿಟ್ಟರು. ರೇನ್‌ಬೋ ಇದರ ಜೊತೆ ಕೂಡಿ ಬೆರಕೆ ಮರಿ ಹುಟ್ಟಿಸಿತು. ಬ್ರೌನ್ ಹಿಡಿದು ತಿಂದಿತು. ಬ್ರೂಕ್ ಜಾಗ ಕಿತ್ತುಕೊಂಡಿತು. ವೈಟ್ ಮೌಂಟನ್ ಅಪಾಚೆ ಬುಡಕಟ್ಟಿನವರು 1950ರ ದಶಕದ ಹೊತ್ತಿಗೇ ತಮ್ಮ ನೆಲದ ಕೆಲವು ಹಳ್ಳಗಳಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಿಬಿಟ್ಟಿದ್ದರು. ಈ ಮೀನು ಉಳಿದದ್ದರಲ್ಲಿ ಅವರ ಪಾಲು ದೊಡ್ಡದು. ವಿಜ್ಞಾನಿಗಳು ಇದನ್ನು ಬೇರೆಯೇ ಜಾತಿ ಅಂತ ಹೆಸರಿಟ್ಟು ವಿವರಿಸಿದ್ದು 1972ರಲ್ಲಿ, ಅಂದರೆ ಅದಾಗಲೇ ಅಳಿವಿನಂಚಿನ ಪಟ್ಟಿ ಸೇರಿದ ಮೇಲೆ! 1975ರಲ್ಲಿ ಪಟ್ಟಿಯೊಳಗೇ ಅಪಾಯ ತುಸು ಕಮ್ಮಿ ಇರುವ ವರ್ಗಕ್ಕೆ ಇಳಿಸಿದರು. 2024ರ ಸೆಪ್ಟೆಂಬರ್‌ನಲ್ಲಿ ಪಟ್ಟಿಯಿಂದಲೇ ತೆಗೆದರು. ಪಟ್ಟಿಯಿಂದ ಹೊರಬಂತು ಅಂದರೆ ಇನ್ನು ಗೋಡೆ ಕಾಯುವ ಕೆಲಸ ಇಲ್ಲ ಅಂತಲ್ಲ. ಹೊರಬರಲು ಆಗಿದ್ದೇ ಆ ಗೋಡೆಗಳಿಂದ.

ಮೊದಲು ಮೀನನ್ನು ನೋಡಿ, ಗೋಡೆಯನ್ನಲ್ಲ

ಸಿಕ್ಕ ಮೀನು ನಿಜವಾಗಿ ಯಾವುದು? ಬ್ರೂಕ್ ಟ್ರೌಟ್ ಗುರುತಿಸುವುದು ಸುಲಭ. ಬೆನ್ನ ಮೇಲೆ ಹುಳ ಹರಿದಾಡಿದಂಥ ತಿಳಿ ಗೆರೆಗಳು, ಪಕ್ಕದಲ್ಲಿ ನೀಲಿ ಉಂಗುರದ ಒಳಗೆ ಕೆಂಪು ಚುಕ್ಕೆ, ಹೊಟ್ಟೆಯ ಕಡೆಯ ರೆಕ್ಕೆಗಳ ಮುಂದಿನ ಅಂಚಿಗೆ ಅಚ್ಚ ಬಿಳಿ ಪಟ್ಟಿ. ಅಪಾಚೆ ಟ್ರೌಟ್ ಹಳದಿ ಮಿಶ್ರಿತ ಚಿನ್ನದ ಬಣ್ಣ. ಕಣ್ಣನ್ನು ಹತ್ತಿರದಿಂದ ನೋಡಿದರೆ ಪಾಪೆಯ ಎಡಕ್ಕೊಂದು ಬಲಕ್ಕೊಂದು ಕಪ್ಪು ಚುಕ್ಕೆ ಇರುತ್ತದೆ, ಕಣ್ಣಿಗೆ ಅಡ್ಡಲಾಗಿ ಕಾಡಿಗೆ ಎಳೆದ ಹಾಗೆ. ಕಷ್ಟ ಬರುವುದು ರೇನ್‌ಬೋ ಜೊತೆ ಬೆರೆತ ಮರಿಗಳಲ್ಲಿ. ಕಣ್ಣಳತೆಯನ್ನು ನಂಬಬೇಡಿ. ರೆಕ್ಕೆಯ ತುದಿಯಿಂದ ಒಂದು ಚೂರು ಕತ್ತರಿಸಿ, ಆಲ್ಕೋಹಾಲ್ ಸೀಸೆಗೆ ಹಾಕಿ, ಡಿಎನ್‌ಎ ಪರೀಕ್ಷೆಗೆ ಕಳಿಸಿ.

ಮೀನು ಯಾವುದು ಅಂತ ಖಾತ್ರಿಯಾದ ಮೇಲೆ ಮೂರು ವಿಷಯ ಬರೆದಿಟ್ಟುಕೊಳ್ಳಿ: ಎಷ್ಟು ಉದ್ದ, ಗೋಡೆಯಿಂದ ಎಷ್ಟು ದೂರ, ಒಂದೇ ಇತ್ತೋ ಸಂಸಾರವೇ ಇತ್ತೋ. ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಗೋಡೆಗೆ ಹತ್ತಿರದ ಮಡುವಿನಲ್ಲಿ ದೊಡ್ಡ ಮೀನು ಒಂದೋ ಎರಡೋ ಸಿಕ್ಕಿ, ಅದಕ್ಕಿಂತ ಮೇಲೆ ಏನೂ ಇಲ್ಲ ಅಂದರೆ, ಅದು ಇತ್ತೀಚೆಗೆ ಗೋಡೆ ದಾಟಿ ಬಂದದ್ದು ಅಂತ ಅಂದುಕೊಳ್ಳಬಹುದು. ಸಣ್ಣ ಮೀನುಗಳು ಮಾತ್ರ ಸಿಗುತ್ತಿದ್ದು ದೊಡ್ಡವು ಒಂದೂ ಇಲ್ಲದಿದ್ದರೆ, ಗೋಡೆಯ ಕಲ್ಲುಗಳ ಸಂದಿಯ ಮೇಲೆ ಅನುಮಾನ ಪಡಿ. ದೊಡ್ಡ ಮೀನು ನುಸುಳಲಾಗದ ಜಾಗದಲ್ಲಿ ಬೆರಳುದ್ದದ ಮರಿ ನುಸುಳುತ್ತದೆ. ಎಲ್ಲ ವಯಸ್ಸಿನ ಮೀನೂ, ಹಳ್ಳದ ಉದ್ದಕ್ಕೂ, ಹುಟ್ಟುವ ಜಾಗದ ತನಕ ಸಿಕ್ಕರೆ? ಆಗ ಗೋಡೆಯ ತಪ್ಪೇ ಇಲ್ಲದಿರಬಹುದು. ಹಿಂದೆ ಹೊರಗಿನ ಮೀನುಗಳನ್ನು ತೆಗೆದಾಗ ಕೆಲವು ಉಳಿದುಕೊಂಡು, ಮತ್ತೆ ಮರಿ ಹಾಕಿ ಬೆಳೆದಿರುವ ಸಾಧ್ಯತೆಯೇ ಜಾಸ್ತಿ.

ಇದನ್ನು ಒರೆಗೆ ಹಚ್ಚಲು ಒಂದು ಗಟ್ಟಿ ದಾರಿ ಇದೆ. ಮೀನಿನ ತಲೆಯೊಳಗೆ ಕಿವಿಗಲ್ಲು ಇರುತ್ತದೆ, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಅದನ್ನು ತೆಗೆದು, ತೆಳ್ಳಗೆ ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ಉಂಗುರ ಎಣಿಸಿದರೆ ವಯಸ್ಸು ಗೊತ್ತಾಗುತ್ತದೆ. ಹಳ್ಳವನ್ನು ಸ್ವಚ್ಛ ಮಾಡಿ ಮೂರು ವರ್ಷ ಆಗಿದ್ದು ಮೀನಿಗೆ ಐದು ವರ್ಷ ಆಗಿದ್ದರೆ, ಅದು ಗೋಡೆ ಹತ್ತಿ ಬಂದದ್ದು ಅಂತ ಗೋಡೆಯನ್ನು ಬೈಯುವ ಮೊದಲು ಅದು ಅಲ್ಲೇ ಉಳಿದಿತ್ತಾ ಅಂತ ಕೇಳಬೇಕು. ಎರಡು ವರ್ಷದ ಒಂಟಿ ಮೀನಾದರೆ ಎರಡೂ ಸಾಧ್ಯ. ಆಗ ಗೋಡೆಯ ಕೆಳಗಿನ ಮೀನುಗಳ ಡಿಎನ್‌ಎ ಜೊತೆ ಹೋಲಿಸಿ ನೋಡಬೇಕಾಗುತ್ತದೆ.

ಇನ್ನೊಂದು ದಾರಿಯನ್ನು ಮರೆಯಬೇಡಿ: ಬಕೆಟ್. ರಸ್ತೆ ಹಳ್ಳ ದಾಟುವ ಜಾಗದ ಆಸುಪಾಸಿನಲ್ಲಿ ಮಾತ್ರ ಹೊರಗಿನ ಮೀನು ಇದ್ದು, ಅಲ್ಲಿಂದ ಗೋಡೆಯ ತನಕ ಮಧ್ಯದಲ್ಲಿ ಏನೂ ಇಲ್ಲ ಅಂದರೆ ಯಾರೋ ತಂದು ಬಿಟ್ಟಿದ್ದಾರೆ. "ಇಲ್ಲಿ ದೊಡ್ಡ ಮೀನಿದ್ದರೆ ಚೆನ್ನ" ಅಂತ ಒಬ್ಬರಿಗೆ ಅನಿಸಿದರೆ ಸಾಕು. ನಮ್ಮ ಕಾವೇರಿಯಲ್ಲೂ ನಡೆದದ್ದು ಇದೇ ಬಗೆಯದು. ಅಲ್ಲಿನದೇ ಆದ ಗೂನುಬೆನ್ನಿನ ಮಹಶೀರ್ ಇದ್ದ ನೀರಿಗೆ ಹೊರಗಿನ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ತಂದು ಬಿಟ್ಟರು. ಈಗ ಗೂನುಬೆನ್ನಿನದು ಅಳಿವಿನ ಕೊನೇ ಅಂಚಿನಲ್ಲಿದೆ. ಬಕೆಟ್ ದೋಷಕ್ಕೆ ಯಾವ ಗೋಡೆಯೂ ಮದ್ದಲ್ಲ. ಅಲ್ಲಿ ಬೇಕಾದದ್ದು ಬೋರ್ಡು, ಕಾವಲು, ಊರವರ ಜೊತೆ ಮಾತುಕತೆ.

ಈಗ ಗೋಡೆಯ ಹತ್ತಿರ ಬನ್ನಿ

ಮೀನು ಗೋಡೆ ದಾಟಲು ನಾಲ್ಕೇ ದಾರಿ. ಮೇಲಿಂದ ಹಾರಬೇಕು, ನಡುವೆ ನುಸುಳಬೇಕು, ಪಕ್ಕದಿಂದ ಸುತ್ತಿ ಬರಬೇಕು, ಇಲ್ಲಾ ಅಡಿಯಿಂದ ಬರಬೇಕು. ನಮ್ಮ ಕೆರೆ ಕೋಡಿ ನೋಡಿ ಬೆಳೆದವರಿಗೆ ಈ ಗೋಡೆ ಏನೂ ಹೊಸದಲ್ಲ. ಇದೂ ಒಂದು ಕೋಡಿಯೇ, ನೀರು ನಿಲ್ಲಿಸುವ ಬದಲು ಮೀನು ನಿಲ್ಲಿಸುತ್ತದೆ ಅಷ್ಟೆ. ಕೋಡಿ ಎಲ್ಲೆಲ್ಲಿ ಕೆಡುತ್ತದೋ ಇದೂ ಅಲ್ಲಲ್ಲೇ ಕೆಡುತ್ತದೆ.

ಮೇಲಿಂದ ಹಾರುವುದನ್ನು ಪರೀಕ್ಷಿಸಲು ಟೇಪು ಸಾಕು. ಆದರೆ ಅಳೆಯುವ ಜಾಗ ಸರಿ ಇರಬೇಕು. ಗೋಡೆ ಎಷ್ಟು ಎತ್ತರ ಕಟ್ಟಿದ್ದಾರೆ ಅನ್ನುವುದು ನಮಗೆ ಬೇಡ. ಕೋಡಿಯ ಮೇಲೆ ಹರಿಯುವ ನೀರಿನ ಮಟ್ಟಕ್ಕೂ ಕೆಳಗಡೆ ನಿಂತ ನೀರಿನ ಮಟ್ಟಕ್ಕೂ ಇರುವ ಅಂತರ ಬೇಕು. ಮೀನು ಹಾರಬೇಕಾದದ್ದು ಅಷ್ಟನ್ನೇ. ಐದು ಅಡಿ ಗೋಡೆ ಅಂತ ಕಾಗದದಲ್ಲಿ ಇರುತ್ತದೆ, ಸ್ಥಳದಲ್ಲಿ ನೋಡಿದರೆ ಕೆಳಗೆ ಹೂಳು ತುಂಬಿ ಹಳ್ಳದ ತಳ ಎರಡು ಅಡಿ ಮೇಲೆ ಬಂದಿರುತ್ತದೆ. ಕೆಳಗಡೆ ಬೀವರ್ ಅನ್ನುವ ಪ್ರಾಣಿ ಕಟ್ಟೆ ಕಟ್ಟಿದ್ದರೂ ಅಷ್ಟೆ. ಅದು ನಿಲ್ಲಿಸಿದ ನೀರು ಗೋಡೆಯ ಬುಡಕ್ಕೆ ಬಂದು ಬೀಳಿನ ಎತ್ತರವನ್ನು ತಿಂದುಬಿಡುತ್ತದೆ.

ಟ್ರೌಟ್ ಎಷ್ಟು ಎತ್ತರ ಹಾರುತ್ತದೆ? ಕೊಲರಾಡೊದಲ್ಲಿ ಕೃತಕ ಜಲಪಾತ ಇಟ್ಟು ಬ್ರೂಕ್ ಟ್ರೌಟ್‌ಗಳನ್ನು ಪರೀಕ್ಷೆ ಮಾಡಿದ್ದಾರೆ. 10ರಿಂದ 15 ಸೆಂ.ಮೀ. ಉದ್ದದ ಚಿಕ್ಕವೇ 63.5 ಸೆಂ.ಮೀ. ಹಾರಿದವು. ಅಂದರೆ ತಮ್ಮ ಮೈಯುದ್ದದ ನಾಲ್ಕು ಪಟ್ಟಿಗಿಂತ ಜಾಸ್ತಿ. ಅದಕ್ಕಿಂತ ದೊಡ್ಡವು 73.5 ಸೆಂ.ಮೀ. ಹಾರಿದವು. ಆದರೆ ಇದಕ್ಕೊಂದು ಷರತ್ತಿದೆ. ಕೆಳಗೆ ಓಡಿ ಬಂದು ಚಿಮ್ಮಲು ಆಳದ ಗುಂಡಿ ಬೇಕು. 73.5 ಸೆಂ.ಮೀ. ಹಾರಿದ್ದು ಗುಂಡಿ ಕನಿಷ್ಠ 50 ಸೆಂ.ಮೀ. ಆಳ ಇದ್ದಾಗ. ಗುಂಡಿಯ ಆಳ ಕಮ್ಮಿ ಇದ್ದಾಗ ಅಷ್ಟು ಎತ್ತರ ಹಾರಲು ಆಗಲಿಲ್ಲ. ಹಾಗಾಗಿ ಗೋಡೆಯ ಎತ್ತರದಷ್ಟೇ ಮುಖ್ಯವಾದದ್ದು ಗೋಡೆಯ ಬುಡ. ಒಳ್ಳೆಯ ತಡೆಗೋಡೆಯ ಕೆಳಗೆ ಗುಂಡಿಯೇ ಇರಬಾರದು ಅಂತ ಕಾಂಕ್ರೀಟ್ ಹಾಸು ಹಾಕಿರುತ್ತಾರೆ. ಅದರ ಮೇಲೆ ನೀರು ತೆಳ್ಳಗೆ, ಜೋರಾಗಿ ಹರಿಯುತ್ತದೆ. ಮೀನಿಗೆ ಅಲ್ಲಿ ಈಜಲೂ ನೀರು ಸಾಲದು, ಚಿಮ್ಮಲೂ ನೀರು ಸಾಲದು.

ಇನ್ನು ಹಾಸು ಕೆಡುವುದು ಹೇಗೆ ಅಂದರೆ, ಅದರ ಕೆಳ ಅಂಚಿನಲ್ಲಿ ನೀರು ಮಣ್ಣು ಕೊರೆಯುತ್ತದೆ. ಅಂಚು ತೇಲುತ್ತದೆ, ಬಿರುಕು ಬಿಡುತ್ತದೆ, ಒಂದು ತುಂಡು ಮುರಿದು ಕುಸಿಯುತ್ತದೆ. ಕುಸಿದ ಜಾಗದಲ್ಲಿ ಗುಂಡಿ. ಗುಂಡಿ ಗೋಡೆಯ ಕಡೆ ಬೆಳೆಯುತ್ತಾ ಬರುತ್ತದೆ. ಮೇಲಿಂದ ನೋಡಿದರೆ ಗೋಡೆ ಗಟ್ಟಿಮುಟ್ಟಾಗಿ ಕಾಣುತ್ತಿರುತ್ತದೆ. ಒಂದು ಕೋಲು ತಗೊಂಡು ಹಾಸಿನ ಉದ್ದಕ್ಕೂ, ಅಂಚಿನ ಕೆಳಗೂ ಚುಚ್ಚಿ ನೋಡಿ. ಟೊಳ್ಳು ಇದ್ದ ಕಡೆ ಸದ್ದು ಬೇರೆಯೇ ಬರುತ್ತದೆ, ಕೋಲು ಅಡಿಗೆ ನುಗ್ಗಿಬಿಡುತ್ತದೆ.

ಮರದ ದಿಮ್ಮಿಗಳನ್ನೂ ನೋಡಿ. ಬೆಂಕಿ ಬಿದ್ದ ಕಾಡಾದರೆ ಇದು ಮಾಮೂಲು. ಗೋಡೆಗೆ ಒರಗಿಕೊಂಡ ಒಂದು ದಿಮ್ಮಿ, ಅದಕ್ಕೆ ಸಿಕ್ಕಿಕೊಂಡ ರೆಂಬೆ, ಅದರ ಮೇಲೆ ಜಲ್ಲಿ. ಒಂದು ಎತ್ತರದ ನೆಗೆತ ಆಗಬೇಕಿದ್ದದ್ದು ಮೂರು ಸಣ್ಣ ಮೆಟ್ಟಿಲಾಗಿಬಿಡುತ್ತದೆ. ಇದಕ್ಕೆ ಸಿಮೆಂಟ್ ಬೇಡ, ಗರಗಸ ಸಾಕು.

ಗೋಡೆಯ ಹೊಟ್ಟೆಯೊಳಗಿನ ದಾರಿ

ನನ್ನ ಪ್ರಕಾರ ಜಾಸ್ತಿ ಮೋಸ ಮಾಡುವುದು ಇದೇ. ಈ ಬೆಟ್ಟಗಳಲ್ಲಿ ಹಿಂದೆ ಕಟ್ಟಿದ ಬಹಳಷ್ಟು ತಡೆಗೋಡೆಗಳು ಗೇಬಿಯನ್‌ಗಳು, ಅಂದರೆ ತಂತಿ ಬಲೆಯ ಬುಟ್ಟಿಗಳಿಗೆ ಅಲ್ಲಿಯದೇ ಕಲ್ಲು ತುಂಬಿ ಒಂದರ ಮೇಲೊಂದು ಜೋಡಿಸಿದವು. ಅಗ್ಗ. ಕುದುರೆ, ಹೇಸರಗತ್ತೆ ಮೇಲೆ ತಂತಿ ಸಾಗಿಸಬಹುದು. ಆದರೆ ಬಾಳಿಕೆ ಕಡಿಮೆ. ಪ್ರತಿ ನೆರೆಯಲ್ಲೂ ಮರಳು ಜಲ್ಲಿ ಉಜ್ಜಿ ತಂತಿಯ ಸತುವಿನ ಲೇಪ ಹೋಗುತ್ತದೆ, ಆಮೇಲೆ ತುಕ್ಕು, ಆಮೇಲೆ ಒಂದು ಕಣ್ಣು ಕಿತ್ತು ಬರುತ್ತದೆ. ಆ ಒಂದು ಕಣ್ಣಿನಿಂದ ನಾಲ್ಕು ಕಲ್ಲು ಉರುಳಿದರೆ ಬುಟ್ಟಿಯ ಮೇಲ್ಭಾಗ ಕುಸಿದು ಕೋಡಿಯಲ್ಲಿ ತಗ್ಗು ಬೀಳುತ್ತದೆ. ಇಡೀ ಹಳ್ಳದ ನೀರು ಆ ತಗ್ಗಿಗೇ ನುಗ್ಗುತ್ತದೆ, ತಗ್ಗು ಇನ್ನೂ ಆಳವಾಗುತ್ತದೆ. ಅದಕ್ಕೇ ಈಚೆಗೆ ಹಳೆ ಗೇಬಿಯನ್‌ಗಳ ಜಾಗದಲ್ಲಿ ಕಾಂಕ್ರೀಟ್ ಗೋಡೆ ಕಟ್ಟುತ್ತಿದ್ದಾರೆ.

ಬುಟ್ಟಿ ಕಿತ್ತುಹೋಗದೆ ನೆಟ್ಟಗಿದ್ದರೂ ನಂಬಬೇಡಿ. ಬೇಸಿಗೆಯಲ್ಲಿ ನೀರು ಕಮ್ಮಿ ಇದ್ದಾಗ ಹೋಗಿ ನೋಡಿ. ಕೋಡಿಯ ಮೇಲೆ ಹನಿ ನೀರೂ ಹರಿಯುತ್ತಿರುವುದಿಲ್ಲ! ಹಳ್ಳ ಪೂರಾ ಕಲ್ಲುಗಳ ಸಂದಿಯಲ್ಲಿ ಇಳಿದು, ಕೆಳಗೆ ಬುಡದಲ್ಲಿ ಎದ್ದು ಬರುತ್ತಿರುತ್ತದೆ. ನೀರಿಗೆ ದಾರಿ ಇದ್ದಲ್ಲಿ ಮರಿಗೂ ದಾರಿ ಇರಬಹುದು. ಕಟ್ಟಿದಾಗ ಮೇಲ್ಮುಖಕ್ಕೆ, ಅಂದರೆ ನೀರು ಬರುವ ಕಡೆಯ ಮುಖಕ್ಕೆ, ಹೊದಿಸಿದ್ದ ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹರಿದಿರುತ್ತದೆ, ಇಲ್ಲವೇ ಹಾಕಿಯೇ ಇರುವುದಿಲ್ಲ.

ಪತ್ತೆ ಹಚ್ಚುವ ಕ್ರಮ ಹೀಗೆ. ಮೇಲ್ಗಡೆ ನೀರಿಗಿಳಿದು ಗೋಡೆಯ ಮುಖದ ಉದ್ದಕ್ಕೂ ಅಂಗೈ ಆಡಿಸಿ. ಎಳೆತ ಇದ್ದ ಕಡೆ ಬೆರಳಿಗೆ ಗೊತ್ತಾಗುತ್ತದೆ. ತಣ್ಣನೆ ನೀರು ಉಗುರ ಸಂದಿಯಿಂದ ಜಾರಿ ಒಳಕ್ಕೆ ಹೋಗುತ್ತಿರುತ್ತದೆ, ಒಣ ಎಲೆ ಬಿಟ್ಟರೆ ಬಂದು ಅಲ್ಲೇ ಅಂಟಿಕೊಳ್ಳುತ್ತದೆ. ಆ ಜಾಗಕ್ಕೆ ಒಂದು ಕಲ್ಲು ಗುರುತು ಇಡಿ. ಆಮೇಲೆ ಫ್ಲೋರೊಸೀನ್ ಬಣ್ಣ ಒಂದು ಚಿಟಿಕೆ ನೀರಲ್ಲಿ ಕದಡಿ, ಪಿಚಕಾರಿಯಲ್ಲಿ ತುಂಬಿ, ಆ ಬಾಯಿಯ ಹತ್ತಿರ ಮೆಲ್ಲಗೆ ಬಿಡಿ. ಕೆಳಗೆ ಒಬ್ಬರು ವಾಚ್ ಹಿಡಿದು ನಿಂತಿರಲಿ. ಹಸಿರು ಬಣ್ಣ ಎಲ್ಲಿ ಬಂತು, ಎಷ್ಟು ಹೊತ್ತಿಗೆ ಬಂತು, ಗಟ್ಟಿಯಾಗಿ ಒಂದೇ ಎಳೆಯಾಗಿ ಬಂತೋ ತೆಳ್ಳಗೆ ಹರಡಿಕೊಂಡು ಬಂತೋ, ಮೂರನ್ನೂ ಬರೆದುಕೊಳ್ಳಲಿ. ಕೆಲವೇ ಸೆಕೆಂಡಿಗೆ ಒಂದೇ ಕಡೆ ಗಟ್ಟಿ ಹಸಿರು ಚಿಮ್ಮಿದರೆ ಅದು ನೇರ ಕೊಳವೆ ಇದ್ದ ಹಾಗೆ, ಮೀನಿಗೆ ಹೆದ್ದಾರಿ. ಬಹಳ ಹೊತ್ತಾದ ಮೇಲೆ ಬುಡದ ಉದ್ದಕ್ಕೂ ತಿಳಿ ಹಸಿರು ಒಸರಿದರೆ ಅದು ಬರೀ ಜಿನುಗು. ಮೀನಿನ ದೃಷ್ಟಿಯಿಂದ ಅಷ್ಟು ತುರ್ತಿಲ್ಲ. ಒಂದು ಬಾಯಿಗೆ ಬಣ್ಣ ಬಿಟ್ಟ ಮೇಲೆ ನೀರು ತಿಳಿಯಾಗುವ ತನಕ ಕಾದು ಮುಂದಿನದಕ್ಕೆ ಹೋಗಿ, ಇಲ್ಲದಿದ್ದರೆ ಯಾವ ಬಾಯಿಯ ಬಣ್ಣ ಯಾವ ಬುಡದಲ್ಲಿ ಬಂತು ಅಂತ ಗೊಂದಲ. ಬಣ್ಣ ಬಿಡುವ ಮೊದಲು ಕೆಳಗಿನ ಊರಿನವರಿಗೂ ಅರಣ್ಯ ಕಚೇರಿಗೂ ಹೇಳಿಬಿಡಿ, ಹಳ್ಳ ಹಸಿರಾಗಿದೆ ಅಂತ ಯಾರಾದರೂ ಪೊಲೀಸರಿಗೆ ಫೋನ್ ಮಾಡಿದರೆ ಆ ದಿನದ ಕೆಲಸ ಅಲ್ಲಿಗೆ ಮುಗೀತು.

ಪಕ್ಕ ಮತ್ತು ಅಡಿ

ಪಕ್ಕದಿಂದ ಸುತ್ತುವುದು ನೆರೆಯಲ್ಲಿ ನಡೆಯುವ ಕೆಲಸ. ನೀವು ಹೋಗುವಾಗ ನೀರು ಇಳಿದಿರುತ್ತದೆ, ಗೋಡೆ ಸಾಧುವಾಗಿ ನಿಂತಿರುತ್ತದೆ. ಹಾಗಾಗಿ ನೀರನ್ನಲ್ಲ, ದಂಡೆಯನ್ನು ಓದಬೇಕು. ಪೊದೆಗಳಲ್ಲಿ ಸಿಕ್ಕಿಕೊಂಡ ಹುಲ್ಲು ಕಸ ಎಷ್ಟು ಎತ್ತರದಲ್ಲಿದೆ? ಗೋಡೆಯ ರೆಕ್ಕೆಗಿಂತ, ಅಂದರೆ ದಂಡೆಯೊಳಕ್ಕೆ ಚಾಚಿದ ಅದರ ತುದಿಗಿಂತ, ಮೇಲಿದ್ದರೆ ನೀರು ಪಕ್ಕದಿಂದ ಹರಿದಿದೆ ಅಂತ ಲೆಕ್ಕ. ರೆಕ್ಕೆಯ ಹಿಂದೆ ಹುಲ್ಲು ಒಂದೇ ದಿಕ್ಕಿಗೆ ಮಲಗಿದೆಯಾ? ಸಣ್ಣದೊಂದು ಕೊರಕಲು ಬಿದ್ದಿದೆಯಾ? ಆ ಕೊರಕಲಿನಲ್ಲಿ ಬೀಳು ಇರುವುದಿಲ್ಲ, ಸುಮ್ನೆ ಇಳಿಜಾರು. ವರ್ಷಕ್ಕೆ ಒಂದೇ ದಿನ ಅಲ್ಲಿ ನೀರು ಹರಿದರೂ ಮೀನಿಗೆ ಅಷ್ಟು ಸಾಕು.

ಅಡಿಯಿಂದ ಬರುವುದು ಅಪರೂಪ. ಬುಡದಲ್ಲಿ ಮಣ್ಣು ಮಿಶ್ರಿತ ಕದಡಿದ ನೀರು ಕುದಿಯುವಂತೆ ಎದ್ದು ಬರುತ್ತಿದ್ದರೆ ಮಾತ್ರ ಗಾಬರಿಯಾಗಿ. ಆಗ ಮೀನಿನ ಮಾತು ಆಮೇಲೆ, ಮೊದಲು ಗೋಡೆಯೇ ಉಳಿಯುವುದು ಅನುಮಾನ.

ಯಾವಾಗ ನೋಡಬೇಕು ಅನ್ನುವುದೂ ದೊಡ್ಡ ವಿಷಯ. ರೇನ್‌ಬೋ ಮೊಟ್ಟೆ ಇಡಲು ಮೇಲೆ ಹೋಗುವುದು ವಸಂತದಲ್ಲಿ, ಹಿಮ ಕರಗಿ ಹಳ್ಳ ತುಂಬಿ ಹರಿಯುವಾಗ. ಆಗ ಕೆಳಗಿನ ನೀರಿನ ಮಟ್ಟ ಏರಿ ಬೀಳು ಕಮ್ಮಿಯಾಗಿರುತ್ತದೆ. ಬ್ರೂಕ್, ಬ್ರೌನ್ ಎರಡೂ ಮೊಟ್ಟೆ ಇಡುವುದು ಶರತ್ಕಾಲದಲ್ಲಿ, ನೀರು ಇಳಿದಾಗ. ಹಾಗಾಗಿ ಮೇಲೆ ರೇನ್‌ಬೋ ಸಿಕ್ಕಿದರೆ ತುಂಬಿದ ಹಳ್ಳದ ಅಳತೆ ಬೇಕು, ಬ್ರೂಕ್ ಸಿಕ್ಕಿದರೆ ಬತ್ತಿದ ಹಳ್ಳದಲ್ಲಿ ಬುಟ್ಟಿಯ ಸಂದಿ ನೋಡಬೇಕು. ನಡುವೆ ಮಳೆಗಾಲವೂ ಇದೆ. ಅರಿಜೋನಾ ಅಂದರೆ ಬರೀ ಮರುಭೂಮಿ ಅಂತ ಅಂದುಕೊಂಡವರಿಗೆ ಆಶ್ಚರ್ಯ ಆಗಬಹುದು, ಅಲ್ಲೂ ಜುಲೈನಿಂದ ಸೆಪ್ಟೆಂಬರ್ ತನಕ ಮಾನ್ಸೂನ್ ಬರುತ್ತದೆ, ಅದನ್ನು ಮಾನ್ಸೂನ್ ಅಂತಲೇ ಕರೆಯುತ್ತಾರೆ. ಮಧ್ಯಾಹ್ನದ ಒಂದು ಗುಡುಗು ಮಳೆಗೆ ಹಳ್ಳ ಕೆಂಪಗೆ ಉಕ್ಕುತ್ತದೆ. 2011ರ ವ್ಯಾಲೋ ಕಾಳ್ಗಿಚ್ಚಿನಲ್ಲಿ 5 ಲಕ್ಷ ಎಕರೆಗೂ ಜಾಸ್ತಿ ಕಾಡು ಸುಟ್ಟಿತು. ಅಂಥ ಬೆಟ್ಟದ ಮೇಲೆ ಬಿದ್ದ ಮಳೆ ಬೂದಿ, ಕೆಸರು, ದಿಮ್ಮಿ ಎಲ್ಲವನ್ನೂ ಹೊತ್ತು ತರುತ್ತದೆ. ಹಾಗಾಗಿ ಮೇಲೆ ಕಾಡು ಸುಟ್ಟಿದ್ದರೆ ಮೊದಲ ಮಳೆ ಮುಗಿದ ಕೂಡಲೇ ಗೋಡೆ ನೋಡಿ, ವರ್ಷದ ತಪಾಸಣೆಗೆ ಅಂತ ಕಾಯಬೇಡಿ.

ಇಷ್ಟೆಲ್ಲ ನೋಡಿಯೂ ತೀರ್ಮಾನ ಆಗದಿದ್ದರೆ ಗುರುತು ಹಾಕುವ ಪರೀಕ್ಷೆ ಇದೆ. ಗೋಡೆಯ ಕೆಳಗೆ ಹೊರಗಿನ ಮೀನುಗಳನ್ನು ಹಿಡಿದು, ಬಾಲದ ಹತ್ತಿರ ಬೆನ್ನ ಮೇಲಿರುವ ಚಿಕ್ಕ ಮಾಂಸದ ರೆಕ್ಕೆ ಕತ್ತರಿಸಿ, ಅಲ್ಲೇ ಕೆಳಗೆ ಬಿಡಿ. ಆ ರೆಕ್ಕೆ ಹೋದರೆ ಮೀನಿಗೆ ಹೆಚ್ಚು ತೊಂದರೆ ಇಲ್ಲ, ಪೂರ್ತಿ ತೆಗೆದರೆ ಮತ್ತೆ ಬೆಳೆಯುವುದೂ ಇಲ್ಲ. ಒಂದು ವಸಂತ, ಒಂದು ಶರತ್ಕಾಲ ಕಳೆಯಲಿ. ರೆಕ್ಕೆ ಇಲ್ಲದ ಮೀನು ಮೇಲ್ಗಡೆ ಸಿಕ್ಕರೆ ಗೋಡೆ ಸೋತಿದೆ, ಇನ್ನು ವಾದವೇ ಬೇಡ. ಸಿಗಲಿಲ್ಲ ಅಂದರೆ ಗೋಡೆ ಗೆದ್ದಿದೆ ಅಂತ ಮಾತ್ರ ಹೇಳಬೇಡಿ. ಆ ವರ್ಷ ನೆರೆ ಬರದೇ ಇದ್ದಿರಬಹುದು.

ರಿಪೇರಿ

ಕಾರಣ ಗೊತ್ತಾದ ಮೇಲೆ ರಿಪೇರಿಯಲ್ಲಿ ಹೆಚ್ಚು ತಲೆಬಿಸಿ ಇಲ್ಲ, ಮೈಬಿಸಿ ಇದೆ. ಅನುಮತಿ ಪತ್ರಗಳನ್ನು ಮೊದಲೇ ತಗೊಳ್ಳಿ: ಬುಡಕಟ್ಟಿನ ನೆಲವಾದರೆ ಅವರದ್ದು, ರಾಷ್ಟ್ರೀಯ ಅರಣ್ಯವಾದರೆ ಅರಣ್ಯ ಇಲಾಖೆಯದ್ದು, ಜೊತೆಗೆ ಹಳ್ಳದೊಳಗೆ ಕಲ್ಲು ಮಣ್ಣು ತುಂಬಲು ಶುದ್ಧ ನೀರಿನ ಕಾಯ್ದೆಯ ಅನುಮತಿ.

ಕೆಲಸಕ್ಕೆ ಒಳ್ಳೆಯ ಕಾಲ ಮಾನ್ಸೂನ್ ಮುಗಿದ ಮೇಲೆ, ಹಿಮ ಬೀಳುವ ಮೊದಲು. ಅಪಾಚೆ ಟ್ರೌಟ್ ವಸಂತದಲ್ಲಿ ಮೊಟ್ಟೆ ಇಡುವುದರಿಂದ ಅದಕ್ಕೆ ತೊಂದರೆ ಕಮ್ಮಿ. ಒಂದೇ ತಕರಾರು, ಬ್ರೂಕ್ ಮತ್ತು ಬ್ರೌನ್ ಮೇಲೆ ಹೊರಡುವುದೂ ಆಗಲೇ. ಗೋಡೆ ಬಿಚ್ಚಿಟ್ಟ ವಾರದಲ್ಲಿ ಅವಕ್ಕೆ ಬಾಗಿಲು ತೆರೆದ ಹಾಗೆ ಆಗುತ್ತದೆ. ಕೆಳಗಡೆ ಸಣ್ಣ ಕಣ್ಣಿನ ಬಲೆಯನ್ನು ಹಳ್ಳಕ್ಕೆ ಅಡ್ಡ ಕಟ್ಟಿ, ಅದರ ಬುಡಕ್ಕೆ ಕಲ್ಲು ಹೇರಿ, ದಿನಕ್ಕೆ ಎರಡು ಸಲ ಎಲೆ ಕಸ ತೆಗೆಯುವವರನ್ನು ಇಟ್ಟ ಮೇಲೆಯೇ ಮೊದಲ ಕಲ್ಲು ಎತ್ತಿ. ಬಲೆಗೂ ಗೋಡೆಗೂ ನಡುವೆ ಇರುವ ಮೀನುಗಳನ್ನು ಮೊದಲೇ ಹಿಡಿದು ತೆಗೆಯಿರಿ. ಮೇಲ್ಗಡೆ ಮರಳು ಚೀಲದ ಒಡ್ಡು ಹಾಕಿ ನೀರನ್ನು ಪೈಪಿನಲ್ಲಿ ಗೋಡೆಯಾಚೆ ದಾಟಿಸಿ. ಪೈಪಿನ ಬಾಯಿಗೆ ಜಾಲರಿ ಇರಲಿ, ಇಲ್ಲದಿದ್ದರೆ ಕಾಪಾಡಬೇಕಾದ ಮೀನೇ ಕೊಳವೆಯಲ್ಲಿ ಕೆಳಗೆ ಹೋಗಿ ಬೀಳುತ್ತದೆ.

ಗೇಬಿಯನ್ ಸಂದಿ ಮುಚ್ಚಲು ಬರೀ ಮುಂಭಾಗಕ್ಕೆ ಗಾರೆ ಮೆತ್ತುವುದನ್ನು ಕಂಡಿದ್ದೇನೆ. ಅದು ಒಂದೆರಡು ಚಳಿಗಾಲಕ್ಕೆ ಹಪ್ಪಳದಂತೆ ಎದ್ದು ಬರುತ್ತದೆ. ತಂತಿ ಇನ್ನೂ ಗಟ್ಟಿ ಇದ್ದರೆ ಮೇಲ್ಮುಖವನ್ನು ತಳದ ತನಕ ಅಗೆದು, ಹೊಸ ಜಿಯೋಟೆಕ್ಸ್‌ಟೈಲ್ ಹೊದಿಸಿ, ಅದರ ಮೇಲೆ ಸಣ್ಣ ಜಲ್ಲಿ, ಮಣ್ಣು ತುಂಬಿ, ಕೋಡಿಯ ಮೇಲೆ ಒಂದೇ ಮಟ್ಟಕ್ಕೆ ಕಾಂಕ್ರೀಟ್ ಟೋಪಿ ಹಾಕುವುದು ಸರಿ. ತಂತಿಯೇ ಹೋಗಿದ್ದರೆ ಅದಕ್ಕೆ ದುಡ್ಡು ಸುರಿಯಬೇಡಿ. ಅದರ ಕೆಳಗೋ ಮೇಲೋ ಬಂಡೆ ಸಿಗುವ ಜಾಗ ನೋಡಿ ಕಾಂಕ್ರೀಟ್ ಗೋಡೆ ಕಟ್ಟಿಸಿ. ಹಾಸಿನ ಅಂಚು ಕೊರೆದಿದ್ದರೆ ಟೊಳ್ಳಿಗೆ ಗ್ರೌಟ್, ಅಂದರೆ ನೀರಾದ ಸಿಮೆಂಟ್ ಗಾರೆ, ತುಂಬಿ, ಅಂಚಿನಲ್ಲಿ ತಳಕ್ಕೆ ಇಳಿಯುವ ಕಟಾಫ್ ಗೋಡೆ ಕೊಟ್ಟು, ಅದರಾಚೆ ಸೈಜುಗಲ್ಲು ಒತ್ತಾಗಿ ಹಾಸಿ ಪಿಚ್ಚಿಂಗ್ ಮಾಡಿ. ಪಿಚ್ಚಿಂಗ್ ಮಾಡುವಾಗ ಕಲ್ಲುಗಳ ನಡುವೆ ಮತ್ತೆ ಗುಂಡಿ ಉಳಿಯದಂತೆ ನೋಡಿಕೊಳ್ಳಿ. ಪಕ್ಕದ ಕೊರಕಲಿಗೆ ರೆಕ್ಕೆಯನ್ನು ದಂಡೆಯೊಳಕ್ಕೆ ಗಟ್ಟಿ ಮಣ್ಣು ಸಿಗುವ ತನಕ ಎಳೆಯಬೇಕು. ಕೋಡಿಯ ನಡುವನ್ನು ಅಂಚುಗಳಿಗಿಂತ ತುಸು ತಗ್ಗಿಸಿದರೆ ನೆರೆ ನೀರು ನಡುವೆಯೇ ಹೋಗುತ್ತದೆ.

ಹಸಿ ಕಾಂಕ್ರೀಟ್ ಬಗ್ಗೆ ಎಚ್ಚರ. ಸಿಮೆಂಟ್ ತೊಳೆದ ನೀರಿನ ಕ್ಷಾರ ಮೀನಿನ ಕಿವಿರನ್ನು ಸುಟ್ಟುಬಿಡುತ್ತದೆ. ಮೀನು ಉಳಿಸುವ ಗೋಡೆ ಕಟ್ಟಿ ಅದರ ಕೆಳಗಿನ ಹಳ್ಳವನ್ನೇ ಕೊಂದರೆ ಏನು ಬಂತು? ಕ್ಯೂರಿಂಗ್ ಮುಗಿಯುವ ತನಕ ಹಳ್ಳದ ನೀರು ಪೈಪಿನಲ್ಲೇ ಹೋಗಲಿ. ಬಾಂಡ್ಲಿ, ಸಲಿಕೆ ತೊಳೆಯುವುದು ದಂಡೆಯಿಂದ ದೂರ. ನೀರು ಬಿಡುವ ಮೊದಲು ಹಾಸಿನ ಮೇಲೆ ನಿಂತ ನೀರಿನ ಪಿಹೆಚ್ ನೋಡಿ. ಬೂಟುಗಳನ್ನು ಬೇರೆ ಹಳ್ಳದಿಂದ ಬಂದವರು ಒಣಗಿಸಿ, ಸೋಂಕು ನಿವಾರಕದಲ್ಲಿ ಅದ್ದಿ ತರಬೇಕು. ಟ್ರೌಟ್ ಮರಿಗಳನ್ನು ಗಿರಗಿರ ಸುತ್ತಿಸಿ ಸಾಯಿಸುವ ರೋಗ ಬೂಟಿಗೆ ಅಂಟಿದ ಕೆಸರಿನಲ್ಲೂ ಪಯಣಿಸುತ್ತದೆ.

ಮೇಲೆ ಉಳಿದ ಮೀನು

ಗೋಡೆ ಗಟ್ಟಿಯಾಯಿತು. ಈಗ ಮೇಲ್ಗಡೆ ಸಿಕ್ಕಿಹಾಕಿಕೊಂಡ ಬ್ರೂಕ್ ಟ್ರೌಟ್‌ಗಳ ಕತೆ? ಅವನ್ನು ತೆಗೆಯದೆ ಗೋಡೆ ಮಾತ್ರ ಸರಿ ಮಾಡಿದರೆ ಕಳ್ಳನನ್ನು ಒಳಗಿಟ್ಟು ಹೊರಗಿಂದ ಬೀಗ ಹಾಕಿದ್ದಾಯ್ತು. ಒಂದೆರಡೇ ಇದ್ದರೆ ಬೆನ್ನಿಗೆ ಹೊರುವ ವಿದ್ಯುತ್ ಯಂತ್ರದಿಂದ ಮೀನುಗಳನ್ನು ಕ್ಷಣಕಾಲ ಜೋಮು ಹಿಡಿಸಿ, ಹೊರಗಿನವನ್ನು ಹೆಕ್ಕಿ, ನಮ್ಮವನ್ನು ವಾಪಸ್ ಬಿಡಬಹುದು. ಒಂದು ಸುತ್ತು ಸಾಲದು. ಬೇರುಗಳ ಅಡಿಯಲ್ಲಿ, ಕೊರೆದ ದಂಡೆಯ ಒಳಗೆ ಅವಿತವು ಮೊದಲ ಸುತ್ತಿಗೆ ಸಿಗುವುದಿಲ್ಲ. ಮರಿಗಳಂತೂ ಕೈಗೆ ಸಿಗುವುದು ಮುಂದಿನ ವರ್ಷ, ಬೆಳೆದ ಮೇಲೆ.

ಸಂಸಾರ ಹಬ್ಬಿದ್ದರೆ ರೋಟೆನೋನ್ ಬೇಕಾಗುತ್ತದೆ. ಇದು ಹುರುಳಿ, ಅವರೆ ಕುಟುಂಬಕ್ಕೆ ಸೇರಿದ ಕೆಲವು ಗಿಡಗಳ ಬೇರಿನಿಂದ ಬರುವ ವಿಷ. ಮಲೆನಾಡಿನಲ್ಲಿ ಕಾರೆಕಾಯಿ ಜಜ್ಜಿ ಹೊಳೆಗೆ ಹಾಕಿ ಮೀನು ಹಿಡಿಯುತ್ತಿದ್ದದ್ದು ಕೇಳಿದವರಿಗೆ ಈ ಐಡಿಯಾ ಹೊಸದೆನಿಸುವುದಿಲ್ಲ, ವಿಷ ಮಾತ್ರ ಬೇರೆ. ಮೊದಲು ಅಪಾಚೆ ಟ್ರೌಟ್‌ಗಳನ್ನು ಹಿಡಿದು ಬೇರೆ ಕಡೆ ಇಡಬೇಕು. ಕೆಳಗಡೆ ಪೊಟ್ಯಾಸಿಯಂ ಪರ್ಮಾಂಗನೇಟ್ ಬಿಟ್ಟು ವಿಷವನ್ನು ಮುರಿಯಬೇಕು. ಇದು ಲೈಸೆನ್ಸ್ ಇದ್ದವರ ಕೆಲಸ, ಉತ್ಸಾಹಿಗಳದ್ದಲ್ಲ.

ಕ್ರಮ ಮಾತ್ರ ತಪ್ಪಬಾರದು: ಗೋಡೆ ಮೊದಲು, ತೆಗೆಯುವುದು ಆಮೇಲೆ. ಸಾಧ್ಯವಾದರೆ ಒಂದರ ಬದಲು ಎರಡು ಗೋಡೆ ಇರಲಿ, ನಡುವೆ ಒಂದಷ್ಟು ಹಳ್ಳ ಬಿಟ್ಟು. ಕೆಳಗಿನದು ಸೋತರೂ ಬಂದ ಮೀನು ನಡುವಿನ ತುಂಡಿನಲ್ಲಿ ಸಿಕ್ಕಿಬೀಳುತ್ತದೆ. ಆ ತುಂಡನ್ನು ವರ್ಷಕ್ಕೊಮ್ಮೆ ಜಾಲಾಡಿದರೆ ಮೇಲಿನ ಗೋಡೆಯ ತನಕ ಸುದ್ದಿ ಹೋಗುವ ಮೊದಲೇ ನಿಮಗೆ ಸುದ್ದಿ ಸಿಗುತ್ತದೆ. ವೈಟ್ ಮೌಂಟನ್ಸ್‌ನ ಹಲವು ಹಳ್ಳಗಳಲ್ಲಿ ಇದೇ ಏರ್ಪಾಡು.

ಗೋಡೆಗಳ ಬಗ್ಗೆ ಒಂದು ತಕರಾರು ನ್ಯಾಯವಾದದ್ದೇ. ಹೊರಗಿನ ಮೀನನ್ನು ತಡೆಯುವ ಗೋಡೆ ನಮ್ಮ ಮೀನನ್ನೂ ತಡೆಯುತ್ತದೆ. ನೆರೆಗೆ ಕೊಚ್ಚಿ ಕೆಳಗೆ ಹೋದ ಅಪಾಚೆ ಟ್ರೌಟ್ ವಾಪಸ್ ಬರಲಾರದು. ಮೇಲಿರುವ ಕೆಲವೇ ಮೀನುಗಳು ತಮ್ಮತಮ್ಮಲ್ಲೇ ಕೂಡುತ್ತವೆ, ಒಂದು ಕಾಳ್ಗಿಚ್ಚಿಗೆ ಅಷ್ಟೂ ಹೋಗಬಹುದು. ಹೊರಗಿನ ಟ್ರೌಟ್ ಕೆಳಗೆ ಇರುವ ತನಕ ಬೇರೆ ದಾರಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಹಾಗಾಗಿ ಒಂದೇ ಹಳ್ಳವನ್ನು ನೆಚ್ಚಿಕೊಳ್ಳದೆ ಹಲವು ಹಳ್ಳಗಳಲ್ಲಿ ಮೀನು ಇಟ್ಟಿರುತ್ತಾರೆ, ಆಗಾಗ ಒಂದರಿಂದ ಇನ್ನೊಂದಕ್ಕೆ ಕೈಯಾರೆ ಸಾಗಿಸುತ್ತಾರೆ.

ರಿಪೇರಿ ಆದ ಗೋಡೆಯ ಮೂರು ಅಳತೆಗಳನ್ನು, ಅಂದರೆ ಬೀಳಿನ ಎತ್ತರ, ಬುಡದ ನೀರಿನ ಆಳ, ಕೋಡಿಯ ಮಟ್ಟ, ಒಂದು ಪುಸ್ತಕದಲ್ಲಿ ಬರೆದು, ಪ್ರತಿ ಸಲ ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆಯಿರಿ. ಹಿಮ ಕರಗಿ ನೀರು ಇಳಿದ ಮೇಲೆ ಒಮ್ಮೆ, ಮಾನ್ಸೂನ್ ಮುಗಿದ ಮೇಲೆ ಒಮ್ಮೆ ಅಳೆಯಿರಿ. ಬೀಳು ಕಮ್ಮಿಯಾಗುತ್ತಾ ಬಂದರೆ, ಮೇಲ್ಗಡೆ ಮೀನು ಸಿಗುವ ತನಕ ಕಾಯದೆ ಕೆಳಗಿನ ಹೂಳು ತೆಗೆಸಿ.